ಇಂದ್ರೇಶ್ ಸಮುದ್ರ ನೋಡಿದ್ದು

ಶನಿವಾರ ಬೆಳಿಗ್ಗೆ ಹಾಲು ತರಲು ಹೊರಟ ಇಂದ್ರೇಶ್, ರಂಗೋಲಿ ಹಾಕಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಜಾನಕಮ್ಮನಿಗೆ ತನ್ನ ಮೊಬೈಲಿನ ಒಂದು ವಿಡಿಯೋ ತೋರಿಸಿದ. ಹನ್ನೊಂದೇ ಸೆಕೆಂಡಿನದು. ಒಂದು ಅಲೆ ಎದ್ದು ಬರುತ್ತದೆ, ಬಾಗುತ್ತದೆ, ನೊರೆಯಾಗಿ ಒಡೆದು ಮರಳಿನ ಮೇಲೆ ಹರಡಿ ಹಿಂದಕ್ಕೆ ಸರಿಯುತ್ತದೆ. ಅಷ್ಟೇ.

"ಯಾವೂರ ಸಮುದ್ರಾನಪ್ಪ ಇದು?" ಎಂದರು ಜಾನಕಮ್ಮ.

"ಧರ್ಮಸ್ಥಳದಿಂದ ಆಚೆ ಎಲ್ಲೋ" ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಂದ್ರೇಶ್‌ಗೆ ಆ ಅಲೆಯ ಮೇಲೆ ಹೆತ್ತವರಿಗಿರುವಷ್ಟು ಹೆಮ್ಮೆ.

"ಯಾವೂರದೂ ಅಲ್ಲ ಜಾನಕಮ್ಮ. ನಮ್ಮ ಆಫೀಸಿಂದು. ನಾನೇ ನಿನ್ನೆ ಎಬ್ಬಿಸಿದ್ದು" ಎಂದುಬಿಟ್ಟ.

ಅವನು ಹೇಳಿದ್ದು ಸುಳ್ಳಲ್ಲ. ಅರಸೀಕೆರೆಯಿಂದ ಹಾರನಹಳ್ಳಿಗೆ ಹೋಗುವ ರಸ್ತೆಯಲ್ಲಿ ತೆಂಗಿನ ತೋಟಗಳು ಮುಗಿಯುವ ಕಡೆ ತಗಡಿನ ಚಾವಣಿಯ ಒಂದು ಭಾರೀ ಕಟ್ಟಡವಿದೆ. ಕರಾವಳಿ ಸಂಶೋಧನಾ ಪ್ರಯೋಗಾಲಯವೆಂದು ಬೋರ್ಡು ಹೇಳುತ್ತದೆ. ಟೆಂಪೋದವರು "ಸಮುದ್ರದ ಆಫೀಸು" ಎಂದು ಕೂಗಿ ಜನರನ್ನು ಇಳಿಸುತ್ತಾರೆ. ಘಟ್ಟ ಇಳಿದು ಐದಾರು ಗಂಟೆ ಹೋದರೆ ಸಿಗುವ ಸಮುದ್ರವನ್ನು ಅಭ್ಯಾಸ ಮಾಡಲು ರಾಗಿ ಬೆಳೆಯುವ ಸೀಮೆಯಲ್ಲಿ ಆಫೀಸು ಕಟ್ಟಿದ್ದೇಕೆ ಎಂದು ಕೇಳಿದರೆ, ಜಾಗ ಇಲ್ಲೇ ಇತ್ತಲ್ಲ ಎಂಬುದಷ್ಟೇ ಉತ್ತರ.

ಒಳಗೆ ನಲವತ್ತು ಮೀಟರ್ ಉದ್ದದ ಒಂದು ಕೊಳ. ಒಂದು ತುದಿಯಲ್ಲಿ ಅಂಗಡಿ ಬಾಗಿಲುಗಳಂತೆ ಸಾಲಾಗಿ ನಿಂತ ಉಕ್ಕಿನ ಹಲಗೆಗಳು. ಮೋಟಾರು ಅವನ್ನು ಹಿಂದೆ ಮುಂದೆ ತಳ್ಳಿದರೆ ಸೊಂಟದುದ್ದದ ನೀರಿನಲ್ಲಿ ಅಲೆ ಏಳುತ್ತದೆ. ಇನ್ನೊಂದು ತುದಿಯಲ್ಲಿ ಇಳಿಜಾರಾಗಿ ಹಾಸಿದ ಮರಳು, ಅದೇ ದಡ. ದಡದ ಹತ್ತಿರ ಈಗ ಎರಡು ವರ್ಷದಿಂದ ತೆಂಕಬೇಂಗ್ರೆ ಎಂಬ ಮೀನುಗಾರಿಕೆ ಬಂದರಿನ ಮಾದರಿ ಇತ್ತು. ನಿಜವಾದ ಬಂದರಿನ ಅರವತ್ತನಾಲ್ಕನೇ ಒಂದು ಪಾಲು. ಅಲ್ಲಿ ಅಲೆಗಳ ತಡೆಗೋಡೆಗೆ ಕ್ರೇನಿನಲ್ಲಿ ಇಳಿಸುವ ಬಂಡೆ ಇಲ್ಲಿ ನಿಂಬೆಹಣ್ಣಿನಷ್ಟು. ಅಲ್ಲಿ ಎಂಟು ಗಂಟೆ ಬೀಸುವ ಬಿರುಗಾಳಿ ಇಲ್ಲಿ ಒಂದು ಗಂಟೆ. ಆ ಬಿರುಗಾಳಿಯ ಗುಂಡಿ ಒತ್ತುವವನು ಇಂದ್ರೇಶ್. ಹದಿನಾಲ್ಕು ವರ್ಷಗಳಿಂದ ಅವನ ಕೆಲಸ ಅದೇ.

ಮತ್ತು ನಲವತ್ತೇಳು ವರ್ಷದ ಇಂದ್ರೇಶ್ ಇದುವರೆಗೆ ಸಮುದ್ರ ನೋಡಿರಲಿಲ್ಲ.

ಪ್ರಯತ್ನಪಡಲಿಲ್ಲವೆಂದಲ್ಲ. ಏಳನೇ ಕ್ಲಾಸಿನ ಪ್ರವಾಸದ ಹಿಂದಿನ ದಿನ ಮಂಗನಬಾವು ಬಂದು ಮುಖ ಕುಂಬಳಕಾಯಿಯಾಯಿತು. ಮದುವೆಯಾದ ಹೊಸತರಲ್ಲಿ ಹೆಂಡತಿ ಅರುಣಾಳನ್ನು ಕರೆದುಕೊಂಡು ಹೊರಟರೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ಬಸ್ಸು ತಿರುಗಿತು. ಮೂರನೆಯ ಸಲ ಕರಾವಳಿಯ ಊರನ್ನೇ ತಲುಪಿದ. ಆದರೆ ಮಳೆ ಜೋರಾಗಿ, ದಡಕ್ಕೆ ಯಾರೂ ಹೋಗಕೂಡದೆಂದು ಪೊಲೀಸರು ಹಗ್ಗ ಕಟ್ಟಿದ್ದರು. ಸಂಜೆಯವರೆಗೂ ಲಾಡ್ಜಿನ ಕಿಟಕಿಗೆ ಕಿವಿಗೊಟ್ಟು ಕುಳಿತು, ದೂರದ ಭೋರ್ಗರೆತ ಕೇಳಿ ಮೈ ಜುಮ್ಮೆನಿಸಿಕೊಂಡ. ಹೊರಡುವಾಗ ನೋಡಿದರೆ ಅದು ಲಾಡ್ಜಿನ ಜನರೇಟರ್.

ಹೀಗಾಗಿ ಅವನಿಗೆ ಸಮುದ್ರದ ಲೆಕ್ಕವೆಲ್ಲ ಗೊತ್ತು, ಸಮುದ್ರ ಗೊತ್ತಿಲ್ಲ. ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಸಣ್ಣ ಅಲೆಗಳನ್ನು ಹಾಕಿ, ಪ್ಯಾಂಟು ಮಡಚಿ, ಕಾಲು ನೀರಲ್ಲಿ ಬಿಟ್ಟು ಬುತ್ತಿ ಬಿಚ್ಚುತ್ತಿದ್ದ. ಕಣ್ಣು ಮುಚ್ಚಿದರೆ ಎಲ್ಲ ಸರಿ. ತೆರೆದರೆ ನಲವತ್ತು ಮೀಟರಿಗೆ ತಿಳಿಹಸಿರು ಬಣ್ಣ ಬಳಿದ ಗೋಡೆ, ಅದರ ಮೇಲೆ ಬೆಂಕಿ ಆರಿಸುವ ಸಿಲಿಂಡರು. ಎದುರುಗಡೆ ಗೋಡೆಯೇ ಇಲ್ಲದ ನೀರು ಹೇಗಿರುತ್ತದೆ ಎಂದು ಯೋಚಿಸುತ್ತ ಚಿತ್ರಾನ್ನ ತಿನ್ನುವುದನ್ನೇ ಮರೆಯುತ್ತಿದ್ದ.

ಆದರೆ ಈ ಸಲ ಯಾವ ಅಡ್ಡಿಯೂ ಇರಲಿಲ್ಲ. ತೆಂಕಬೇಂಗ್ರೆಯಲ್ಲಿ ನಿಜವಾದ ತಡೆಗೋಡೆ ಅರ್ಧ ಮುಗಿದಿತ್ತು. ಅದನ್ನು ನೋಡಲು ಭಾನುವಾರ ಬೆಳಗಿನ ಜಾವ ಆಫೀಸಿನ ಜೀಪು ಹೊರಡುವುದಿತ್ತು. ಮುಖ್ಯ ವಿಜ್ಞಾನಿ ಶಾಂತಾದೇವಿ ಮೇಡಂ, ಇಬ್ಬರು ಎಂಜಿನಿಯರುಗಳು, ಡ್ರೈವರು, ಮತ್ತು ಪ್ರಯೋಗಾಲಯದ ಸಿಬ್ಬಂದಿಗೆ ಒಂದು ಸೀಟು. ಆ ಸೀಟು ಯಾರದೆಂದು ಕ್ಯಾಂಟೀನಿನ ದೋಸೆಕಲ್ಲಿಗೂ ಗೊತ್ತಿತ್ತು. ಮೇಡಂ ಶನಿವಾರ ಸಂಜೆ ಹೆಸರು ಹಾಕುವುದಷ್ಟೇ ಬಾಕಿ. ಗುರುವಾರವೇ ಇಂದ್ರೇಶ್ ಬ್ಯಾಗು ತುಂಬಿಟ್ಟಿದ್ದ.

ಅವನು ಹಾಲು ತೆಗೆದುಕೊಂಡು ಬರುವಷ್ಟರಲ್ಲಿ ಜಾನಕಮ್ಮ ಅವನ ಅಡುಗೆಮನೆಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಮೊಮ್ಮಗಳು ಹೇಮಾಶ್ರೀ.

"ನೋಡಪ್ಪ ಇಂದ್ರೇಶ, ಇವಳ ಮದ್ವೆ ಮುಂದಿನ ತಿಂಗ್ಳು ಐತೆ. ಅದೇನೋ ಮದ್ವೆಗ್ ಮುಂಚೆ ಫೋಟೋ ತೆಗೀತಾರಲ್ಲ, ಅದಕ್ಕೆ ಬೇಲೂರಾಯ್ತು, ಹಳೇಬೀಡಾಯ್ತು. ಎಲ್ಲಾರ್ ಆಲ್ಬಂನಾಗೂ ಅದೇ ಕಲ್ಲು, ಅದೇ ಕಂಬ. ಹುಲಿಕೆರೆ ಕೊಳಕ್ಕೋದ್ರೆ ಫೋಟೋದೋನು ಕಾಲು ಜಾರಿ ನಾಕು ಮೆಟ್ಲು ಕೂತ್ಕಂಡೇ ಇಳ್ದ. ಅರೇಹಳ್ಳೀಲಿ ಗಂಡಿನ ಮನೆಯೋರ ಕಾಫಿ ತೋಟಕ್ಕೋದ್ರೆ ಜಿಗಣೆ. ಇವ್ಳಿಗೆ ಸಮುದ್ರವೇ ಆಗ್ಬೇಕಂತೆ."

"ಆಗಲಿ ಬಿಡಿ, ಹೋಗಿ ಬರ್ಲಿ" ಎಂದ ಇಂದ್ರೇಶ್.

"ಹುಡುಗನಿಗೆ ರಜ ಇಲ್ಲ ಕಣಪ್ಪ. ಇವತ್ತೊಂದಿನ ಬಂದವ್ನೆ. ಅದಕ್ಕೇ ನಿನ್ನ ಸಮುದ್ರಕ್ಕೇ ಬತ್ತೀವಿ ಅಂತ."

ಇಂದ್ರೇಶ್ ಹಾಲಿನ ಪ್ಯಾಕೆಟ್ಟನ್ನು ಎದೆಗವಚಿಕೊಂಡ. "ಅಯ್ಯೋ, ಆಗಲ್ಲ ಜಾನಕಮ್ಮ! ಹೊರಗಿನವರನ್ನ ಒಳಗೆ ಬಿಡಂಗೇ ಇಲ್ಲ. ಹೋದ ವರ್ಷ ಒಬ್ಬ ತನ್ನ ಬಾಮೈದನನ್ನ ಕರ್ಕೊಂಡ್ ಬಂದು ರೀಲ್ಸ್ ಮಾಡಿಸ್ದ ಅಂತ ಕೆಲಸದಿಂದಾನೇ ತೆಗೆದ್ರು."

ಒಲೆಯ ಮುಂದಿದ್ದ ಅರುಣಾ ತಿರುಗಿದಳು. "ನನಗೆ ಆಪರೇಶನ್ ಆದಾಗ ಹದಿನೈದು ದಿನ ಗಂಜಿ ತಂದುಕೊಟ್ಟೋರು ಯಾರು ರೀ? ಅರ್ಧ ಗಂಟೆ ನಿಮ್ಮ ನೀರು ತೋರ್ಸಿದ್ರೆ ಕರಗಿ ಹೋಗುತ್ತಾ?"

ಅದಕ್ಕೂ ಅವನು ಬಗ್ಗುತ್ತಿರಲಿಲ್ಲವೇನೋ. ಆದರೆ ಅಲ್ಲಿಯವರೆಗೆ ಮಾತಾಡದಿದ್ದ ಹೇಮಾಶ್ರೀ, "ಬೇಡ ಬಿಡಿ ಅಂಕಲ್, ನಿಮಗ್ ತೊಂದ್ರೆ ಆಗೋದ್ ಬೇಡ. ನಾನು ಸಮುದ್ರ ನೋಡೇ ಇಲ್ಲ, ಅದಕ್ಕೇ ಆಸೆ ಆಯ್ತು ಅಷ್ಟೇ" ಎಂದಳು.

ಆ ಮಾತು ಇಂದ್ರೇಶನ ಒಳಗೆಲ್ಲೋ ಹೋಗಿ ತಾಕಿತು. ಈ ಆಸೆ ಹೊತ್ತುಕೊಂಡು ಓಡಾಡುವ ಇನ್ನೊಂದು ಜೀವ ಗೋಡೆಯಾಚೆಯೇ ಇದ್ದದ್ದು ಅವನಿಗೆ ಗೊತ್ತಿರಲಿಲ್ಲ.

"ಇವತ್ತು ಎಲ್ಲರಿಗೂ ಅರ್ಧ ದಿನ ರಜ, ಮೇಡಂ ಹಾಸನಕ್ಕೆ ಮೀಟಿಂಗ್‌ಗೆ ಹೋಗ್ತಾರೆ. ಮೂರು ಗಂಟೆಗೆ ವಾಪಸ್" ಎಂದ ಮೆಲ್ಲಗೆ. "ಹನ್ನೆರಡೂವರೆಗೆ ಬನ್ನಿ. ಹುಡುಗ, ಹುಡುಗಿ, ಫೋಟೋದವನು. ಮೂರೇ ಜನ. ಅರ್ಧ ಗಂಟೆ."

"ಮೂರೇ ಜನ" ಎಂದು ಜಾನಕಮ್ಮ ತಾಳಿ ಮುಟ್ಟಿಕೊಂಡು ಹೇಳಿದರು.

ಹನ್ನೆರಡೂವರೆಗೆ ಗೇಟಿನ ಮುಂದೆ ನಿಂತ ಟೆಂಪೋದಿಂದ ಹದಿಮೂರು ಜನ ಇಳಿದರು.

ಶನಿವಾರ ಗೇಟನ್ನೂ ನೋಡಿಕೊಳ್ಳುತ್ತಿದ್ದ ಪಂಪ್‌ಹೌಸಿನ ನಂಜುಂಡಯ್ಯ ಓಡಿ ಬಂದ. "ಇಂದ್ರೇಶಣ್ಣ, ಮೂರು ಜನ ಅಂದ್ರಿ. ಇಲ್ನೋಡುದ್ರೆ ದಿಬ್ಬಣವೇ ಬಂದೈತೆ! ಏನ್ಮಾಡ್ಲಿ?"

"ರಸ್ತೇಲಿ ನಿಂತ್ರೆ ಊರಿಗೆಲ್ಲ ಗೊತ್ತಾಗುತ್ತೆ. ಬೇಗ ಒಳಗ್ ಬಿಟ್ಟು ಗೇಟ್ ಹಾಕು ಮಾರಾಯ!" ಎಂದ ಇಂದ್ರೇಶ್.

ಮದುಮಕ್ಕಳ ಹಿಂದೆ ಜಾನಕಮ್ಮ, ಅವರ ಹಿಂದೆ ಗಂಡಿನ ಕಡೆಯ ಇಬ್ಬರು ಅತ್ತೆಯರು, ಮೇಕಪ್ಪಿನ ಪೆಟ್ಟಿಗೆ ಹಿಡಿದ ಇಂದು ಎಂಬಾಕೆ, ಫೋಟೋಗ್ರಾಫರ್ ಉಮೇಶ್, ಅವನ ಹಿಂದೆ ಯಾರೆಂದು ಯಾರಿಗೂ ಗೊತ್ತಿಲ್ಲದ ಒಂದಷ್ಟು ಜನ. ಜಾನಕಮ್ಮನ ಕೈಯಲ್ಲಿ ಮೊರ, ಮೊರದಲ್ಲಿ ಬಳೆ, ಬಾಳೆಹಣ್ಣು, ಅರಿಶಿನ, ಕುಂಕುಮ.

"ಇದೆಲ್ಲ ಯಾಕೆ ಜಾನಕಮ್ಮ?"

"ಬರಿಗೈಯಲ್ಲಿ ಗಂಗಮ್ಮನ ತಾವ್ ಬರಕಾಯ್ತದಾ?"

ಇಂದ್ರೇಶ್ ಬೇಡ ಬೇಡ ಎನ್ನುವಷ್ಟರಲ್ಲಿ ಅಲೆ ಎಬ್ಬಿಸುವ ಹಲಗೆಗಳಿಗೆ ಸಾಲಾಗಿ ಅರಿಶಿನ ಕುಂಕುಮ ಬಿತ್ತು. ಅತ್ತೆಯರಲ್ಲೊಬ್ಬರು ಬೊಗಸೆಯಲ್ಲಿ ನೀರೆತ್ತಿ ತೀರ್ಥದಂತೆ ಬಾಯಿಗೆ ಹಾಕಿಕೊಂಡು ಮುಖ ಸೊಟ್ಟಗೆ ಮಾಡಿದರು. "ಇದೇನ್ರೀ, ಉಪ್ಪೇ ಇಲ್ಲ! ಬ್ಲೀಚಿಂಗ್ ಪೌಡರ್ ವಾಸ್ನೆ ಬತ್ತೈತೆ."

"ಬೋರ್‌ವೆಲ್ ನೀರು ಅಮ್ಮ. ಕುಡೀಬೇಡಿ!"

ಉಪ್ಪಿಲ್ಲದ ಸಮುದ್ರದ ಮುಂದೆ ಮೊಮ್ಮಗಳ ಫೋಟೋ ತೆಗೆಸಲು ಜಾನಕಮ್ಮನಿಗೆ ಮನಸ್ಸಾಗಲಿಲ್ಲ. ಯಾವ ಮಾಯದಲ್ಲೋ ಕ್ಯಾಂಟೀನಿಗೆ ಹೋಗಿ ಒಂದು ಪ್ಯಾಕೆಟ್ ಪುಡಿಯುಪ್ಪು ತಂದು, ಮದುವೆ ಮನೆಯ ಸಾರಿಗೆ ಹಾಕುವವರ ಹಾಗೆ ಕೊಳದ ಸುತ್ತ ಉದುರಿಸುತ್ತ ಬಂದರು. ಇಂದ್ರೇಶ್ ಅವರ ಹಿಂದೆ ಓಡಿದ. ಅಷ್ಟರಲ್ಲಿ ಇನ್ನೊಬ್ಬ ಅತ್ತೆ ಒದ್ದೆಯಾದ ಶಾಲನ್ನು, ಅಲೆಯ ಎತ್ತರ ಅಳೆಯಲು ನೀರಲ್ಲಿ ನಿಲ್ಲಿಸಿದ್ದ ನಾಜೂಕಾದ ತಂತಿಗಳ ಮೇಲೆ ಒಣಗಲು ಹಾಕಿಯಾಗಿತ್ತು.

"ಸಾರ್, ಅಲೆ ಬಿಡಿ ಸಾರ್!" ಎಂದು ಉಮೇಶ್ ಕ್ಯಾಮೆರಾ ಹಿಡಿದು ಕೂಗಿದ.

ಇಂದ್ರೇಶ್ ಗುಂಡಿ ಒತ್ತಿದ. ಮೋಟಾರು ಗುನುಗಿತು. ಹಲಗೆಗಳು ಒಟ್ಟಿಗೆ ಬಾಗಿದವು. ಮೊದಲ ಅಲೆ ಹೊರಟು ದಡಕ್ಕೆ ಬಂದು ಹೇಮಾಶ್ರೀಯ ಪಾದ ತೊಳೆದಾಗ ಅವಳು "ಹಾ!" ಎಂದಳು. ಒಂದೇ ಅಕ್ಷರ. ಇಂದ್ರೇಶನ ಕಣ್ಣು ತೇವವಾಯಿತು.

ಮದುಮಗ ಶರತ್ಚಂದ್ರನ ಸ್ಥಿತಿ ಬೇರೆ. ಅವನಿಗೆ ಪಶು ಆಸ್ಪತ್ರೆಯಲ್ಲಿ ಕೆಲಸ. ಕೊಬ್ಬಿದ ಹೋರಿಗೆ ಸೂಜಿ ಚುಚ್ಚಲು ಹಿಂದೆ ಮುಂದೆ ನೋಡದವನು, ಮೊಣಕಾಲುದ್ದ ನೀರಿಗೆ ಗಡಗಡ ನಡುಗಿದ. ಉಮೇಶ್ "ಇನ್ನೂ ದೊಡ್ಡದು ಸಾರ್, ರೊಮ್ಯಾಂಟಿಕ್ ಆಗಿ!" ಎಂದ. ಇಂದ್ರೇಶ್ ಒಂದು ಮಟ್ಟ ಏರಿಸಿದ. ಅಲೆ ನೋಡಿದ ಶರತ್ಚಂದ್ರ ಹುಡುಗಿಯ ಕೈ ಬಿಟ್ಟು, ಪಕ್ಕದಲ್ಲಿ ಗಟ್ಟಿಯಾಗಿ ಕಂಡದ್ದರ ಮೇಲೆ ಹತ್ತಿ ನಿಂತ. ಅದು ತೆಂಕಬೇಂಗ್ರೆ ಬಂದರಿನ ತಡೆಗೋಡೆ.

ನೂರು ವರ್ಷಕ್ಕೊಮ್ಮೆ ಬರುವ ಬಿರುಗಾಳಿಯನ್ನು ತಡೆದು ನಿಂತಿದ್ದ ತಡೆಗೋಡೆ ಎಪ್ಪತ್ತೆಂಟು ಕಿಲೋ ತೂಕದ ಮದುಮಗನನ್ನು ತಡೆಯಲಾರದೆ ಗರಗರ ಎಂದು ಕುಸಿಯಿತು. ನಿಂಬೆಹಣ್ಣಿನ ಗಾತ್ರದ ಬಂಡೆಗಳೆಲ್ಲ ಬಂದರಿನೊಳಕ್ಕೆ ಉರುಳಿದವು. ಅವುಗಳ ಮೇಲೆ ಶರತ್ಚಂದ್ರ ಉರುಳಿದ. ಹೇಮಾಶ್ರೀ ನಕ್ಕು ನಕ್ಕು ನೀರಲ್ಲೇ ಕುಳಿತಳು. ಉಮೇಶ್ ಒಂದೇ ಸಮನೆ ಕ್ಲಿಕ್ಕಿಸಿದ. ಆಮೇಲೆ ಇಡೀ ಆಲ್ಬಮ್ಮಿನಲ್ಲಿ ಚೆನ್ನಾಗಿ ಬಂದದ್ದು ಅವೇ ಫೋಟೋಗಳು ಎಂದು ಎಲ್ಲರೂ ಹೇಳಿದರು.

ಮದುಮಗ ಬಟ್ಟೆ ಬದಲಿಸಲು ಹೋದ. ಆ ನಡುವೆ ಉಮೇಶ್ ಇಂದ್ರೇಶನನ್ನು ಕರೆದ. "ಸಾರ್, ದೊಡ್ಡ ಅಲೆಗೆ ಬೆಳಕು ನೋಡ್ಬೇಕು. ನೀವೇ ಒಂದ್ಸಲ ನಿಂತ್ಕಳಿ."

ಇಂದ್ರೇಶ್ ತನಗೆ ಗೊತ್ತಿದ್ದ ಅತ್ಯಂತ ಒಳ್ಳೆಯ ಅಲೆಯನ್ನು ಯಂತ್ರಕ್ಕೆ ಹೇಳಿಟ್ಟು, ಪ್ಯಾಂಟು ಮಡಚಿ, ಓಡಿ ಬಂದು ದಡದಲ್ಲಿ ನಿಂತ. ಅಲೆ ಬಂತು. ಅವನು ಕೈ ಚಾಚಿ ಕಣ್ಣು ಮುಚ್ಚಿದ. ಅದು ಅವನ ಮುಂದೆ ಸುರುಳಿ ಸುತ್ತಿ ಮೊಣಕಾಲಿಗೆ ಒಡೆಯಿತು.

ಉಮೇಶ್ ಮೊಬೈಲಿನಲ್ಲಿ ಏನೇನೋ ಒತ್ತಿ ಎರಡು ನಿಮಿಷದಲ್ಲಿ ಫೋಟೋ ಕಳಿಸಿದ. ತಿಳಿಹಸಿರು ಗೋಡೆ ಮಾಯ. ಸಿಲಿಂಡರು ಮಾಯ. ಅದರ ಬದಲಿಗೆ ಕೊನೆಯೇ ಇಲ್ಲದ ನೀಲಿ ನೀರು, ಮುಳುಗುತ್ತಿರುವ ಸೂರ್ಯ, ಎರಡು ಹಕ್ಕಿ. ಮುಂದೆ ಕೈ ಚಾಚಿ ನಿಂತ ಇಂದ್ರೇಶ್. ಮುಖದಲ್ಲಿ ಹಸುಗೂಸಿನಂಥ ನೆಮ್ಮದಿ.

ಅವನು ಅದನ್ನು ನೋಡುತ್ತಲೇ ನಿಂತ. ನಂಜುಂಡಯ್ಯ ಬಂದು "ಅಣ್ಣಾ, ಎರಡಾಯ್ತು!" ಎಂದಾಗಲೇ ಈ ಲೋಕಕ್ಕೆ ಬಂದದ್ದು.

ಮುಂದಿನ ಒಂದು ಗಂಟೆ ಅವನು ದುಡಿದಂತೆ ಆ ಪ್ರಯೋಗಾಲಯದಲ್ಲಿ ಯಾರೂ ಯಾವತ್ತೂ ದುಡಿದಿರಲಿಲ್ಲ. ಹದಿಮೂರು ಜನರನ್ನು ಎಣಿಸಿ ಟೆಂಪೋ ಹತ್ತಿಸಿದ. ಹಲಗೆಗಳ ಕುಂಕುಮ ಒರೆಸಿದ. ತಂತಿಯ ಮೇಲಿಂದ ಶಾಲು ತೆಗೆದ. ನಂಜುಂಡಯ್ಯ ಕೊಳದಿಂದ ಬಾಳೆಹಣ್ಣು, ಬಳೆ, ಒಂದು ಹವಾಯಿ ಚಪ್ಪಲಿ ಹೆಕ್ಕಿದ. ಇಂದ್ರೇಶ್ ಮೊಣಕಾಲೂರಿ ತಡೆಗೋಡೆಯ ಬಂಡೆಗಳನ್ನು ಒಂದೊಂದಾಗಿ ಜೋಡಿಸಿದ. ನಕ್ಷೆ ನೋಡಲಿಲ್ಲ. ಯಾವ ಕಲ್ಲು ಎಲ್ಲಿ, ಯಾವುದರ ಮೈ ಯಾವುದಕ್ಕೆ ಒರಗಬೇಕು ಎಲ್ಲ ಅವನ ಬೆರಳಿಗೇ ಗೊತ್ತಿತ್ತು. ನಾಳೆ ಇವನ್ನು ಕಾಣುತ್ತೇನೆ, ಮನೆಯಷ್ಟು ದೊಡ್ಡದಾಗಿ ಕಾಣುತ್ತೇನೆ ಎಂದುಕೊಳ್ಳುತ್ತ ಜೋಡಿಸಿದ.

ಮೂರಕ್ಕೆ ಐದು ನಿಮಿಷವಿರುವಾಗ ಎಲ್ಲ ಮೊದಲಿನಂತಾಯಿತು. ಕೊಳ ಕನ್ನಡಿಯ ಹಾಗೆ ತಣ್ಣಗೆ ಮಲಗಿತ್ತು. ಇಂದ್ರೇಶ್ ಮೆಟ್ಟಿಲ ಮೇಲೆ ಕುಸಿದು ಕುಳಿತು, ದಣಿವಾರಿಸಿಕೊಳ್ಳಲು ಮೊಬೈಲ್ ತೆಗೆದ. ಮತ್ತೆ ಆ ಫೋಟೋ ನೋಡಿದ. ದೊಡ್ಡದು ಮಾಡಿ ನೋಡಿದ. ಯಾರಿಗೂ ಕಳಿಸಕೂಡದು, ಅಷ್ಟು ಬುದ್ಧಿ ಅವನಿಗಿತ್ತು. ಆದರೆ ಅವನ ವಾಟ್ಸಾಪಿನ ಪುಟ್ಟ ದುಂಡನೆಯ ಚಿತ್ರದಲ್ಲಿ ಆರು ವರ್ಷದಿಂದ ಒಂದು ದಾಸವಾಳದ ಹೂವಿತ್ತು. ಅದರ ಜಾಗದಲ್ಲಿ ಇದನ್ನು ಹಾಕಿದರೆ ಹೇಗೆ ಕಾಣುತ್ತದೆ? ಸುಮ್ಮನೆ ನೋಡಲೆಂದು ಹಾಕಿದ. ಬಹಳ ಚೆನ್ನಾಗಿ ಕಂಡಿತು. ತೆಗೆಯಬೇಕೆಂದುಕೊಳ್ಳುವಷ್ಟರಲ್ಲಿ ಮೇಡಂ ಜೀಪಿನ ಹಾರನ್ನು ಕೇಳಿಸಿ, ಮೊಬೈಲ್ ಜೇಬಿಗಿಳಿಸಿ ಎದ್ದ.

ಇನ್ನೊಬ್ಬ ಆಪರೇಟರ್ ರಾಜಶೇಖರ್‌ಗೆ ಶನಿವಾರ ಮಧ್ಯಾಹ್ನ ರಜೆ. ಅವನು ಊಟ ಮಾಡಿ ಅಡ್ಡಾಗಿ, ಪರರ ವಾಟ್ಸಾಪ್ ಚಿತ್ರಗಳನ್ನು ನೋಡುವುದನ್ನೇ ವಿಶ್ರಾಂತಿ ಎಂದು ತಿಳಿದವನು. ಮೂರೂಕಾಲಿಗೆ ಆಫೀಸಿನ ಗುಂಪಿನಲ್ಲಿ ಅವನ ಸಂದೇಶ ಬಂತು: "ಅಭಿನಂದನೆಗಳು ಇಂದ್ರೇಶ್! ಯಾರಿಗೂ ಹೇಳದೆ ಸಮುದ್ರ ನೋಡ್ಕೊಂಡ್ ಬಂದ್ಬಿಟ್ಟಿದೀರಲ್ಲ, ಭಾರಿ ಗಟ್ಟಿಗರು!" ಕೆಳಗೆ ಆ ಫೋಟೋ. ಅದರ ಕೆಳಗೆ ಹದಿನೇಳು ಚಪ್ಪಾಳೆ.

ಮೂರೂವರೆಗೆ ಮೇಡಂ ಕರೆದರು.

ಶಾಂತಾದೇವಿ ಮೇಡಂ ಅವರ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು, ನಾಳೆ ಹೊರಡುವವರ ಪಟ್ಟಿ. ಇನ್ನೊಂದು, ಇಂದ್ರೇಶನ ರಜೆ ಚೀಟಿ. ಅವರು ಮೊಬೈಲನ್ನು ಅವನ ಕಡೆ ತಿರುಗಿಸಿದರು.

"ಇಂದ್ರೇಶ್, ಇದು ನೀವೇ ತಾನೆ?"

"ಹೌದು ಮೇಡಂ."

"ಮೊನ್ನೆ ಮಂಗಳವಾರ, ಬುಧವಾರ ಜ್ವರ ಅಂತ ರಜೆ ಹಾಕಿದ್ರಿ."

ಆ ಎರಡು ದಿನ ಅವನಿಗೆ ನಿಜವಾಗಿ ನೂರಾ ಎರಡು ಡಿಗ್ರಿ ಜ್ವರ. ಕಂಬಳಿ ಹೊದ್ದು ಅರುಣಾ ಕೊಟ್ಟ ಕಷಾಯ ಕುಡಿಯುತ್ತ ಬಿದ್ದಿದ್ದ. ಹಾಗೆಂದು ಹೇಳಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು. ಜ್ವರ ನಿಜವೆಂದರೆ ಫೋಟೋ ಎಲ್ಲಿಯದು? ಕೊಳದ್ದೆಂದರೆ, ತೆಗೆದವರು ಯಾರು? ಒಳಗೆ ಬಿಟ್ಟವರು ಯಾರು? ನಂಜುಂಡಯ್ಯನ ಕೆಲಸವೂ ಹೋಗುತ್ತದೆ, ತನ್ನದೂ ಹೋಗುತ್ತದೆ. ಹೇಮಾಶ್ರೀಯ ಫೋಟೋಗಳನ್ನೆಲ್ಲ ಅಳಿಸಿಹಾಕಬೇಕಾಗುತ್ತದೆ.

"ಸಮುದ್ರಕ್ಕೆ ಹೋಗಿದ್ರಿ ಅಲ್ವಾ?" ಎಂದರು ಮೇಡಂ.

"ಹೋಗಿದ್ದೆ ಮೇಡಂ" ಎಂದ ಇಂದ್ರೇಶ್.

"ಎಲ್ಲಿಗೆ?"

ಅವನಿಗೆ ತಟ್ಟನೆ ಬಾಯಿಗೆ ಬಂದ ಕರಾವಳಿಯ ಊರು ಒಂದೇ. "ತೆಂಕಬೇಂಗ್ರೆಗೆ."

ಮೇಡಂ ಹುಬ್ಬು ಮೇಲೆ ಹೋಯಿತು. "ನಮ್ಮ ಬಂದರಿಗೇ ಹೋಗಿದ್ರಾ! ಹೇಗಿದೆ ಹೇಳಿ ನೋಡೋಣ?"

ಇದು ಪರೀಕ್ಷೆಯೆಂದು ಇಂದ್ರೇಶ್‌ಗೆ ಗೊತ್ತಾಯಿತು. ಅವನು ಕಣ್ಣು ಮುಚ್ಚಿದ. "ನೈಋತ್ಯದಿಂದ ಅಲೆ ಬರುತ್ತೆ ಮೇಡಂ. ತಡೆಗೋಡೆ ಬಾಗೋ ಕಡೆ ಎರಡಾಗಿ ಒಡೆಯುತ್ತೆ. ಒಂದು ಒಳಗೆ ನುಗ್ಗಿ ಉತ್ತರದ ಮೂಲೆಗೆ ಹೊಡೆದು ವಾಪಸ್ ಬಂದು ಇನ್ನೊಂದನ್ನ ಕೂಡುತ್ತೆ. ಅಲ್ಲಿ ನೀರು ಒಂದು ಕ್ಷಣ ನಿಂತಂಗಿರುತ್ತೆ. ಏಳೂ ಅಲ್ಲ, ಬೀಳೂ ಅಲ್ಲ. ಆಮೇಲೆ ನಿಟ್ಟುಸಿರು ಬಿಟ್ಟಂಗೆ ಇಳಿಯುತ್ತೆ."

"ನಿಜ" ಎಂದರು ಮೇಡಂ. "ಕಣ್ಣಾರೆ ನೋಡಿದವರಿಗೆ ಮಾತ್ರ ಹೀಗೆ ಹೇಳೋಕೆ ಸಾಧ್ಯ."

ಅವರು ಫೋಟೋವನ್ನು ಹಿಗ್ಗಿಸಿ ಅಲೆಯ ಮೇಲೆ ಬೆರಳಿಟ್ಟರು. "ಈ ಸುರುಳಿ ನೋಡಿ. ಎಷ್ಟು ಸೊಗಸಾಗಿ ಒಡೆದಿದೆ. ಎಷ್ಟಾದರೂ ನಿಜವಾದ ಸಮುದ್ರ ಸಮುದ್ರವೇ. ಹದಿನಾಲ್ಕು ವರ್ಷದಿಂದ ಪ್ರಯತ್ನ ಮಾಡ್ತಿದ್ದೀವಿ, ನಮ್ಮ ಕೊಳದಲ್ಲಿ ಇಂಥದ್ದು ಒಂದು ಬಂದಿದೆಯಾ ಹೇಳಿ?"

ಇಂದ್ರೇಶ್ ತಾನೇ ಎಬ್ಬಿಸಿದ ಆ ಅಲೆಯನ್ನು ನೋಡಿದ. "ಇಲ್ಲ ಮೇಡಂ."

ಅವನು ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದ. ಆದರೆ ಮೇಡಂ ರಜೆ ಚೀಟಿಯಲ್ಲಿ ‘ಜ್ವರ’ ಎಂಬುದನ್ನು ಹೊಡೆದು ‘ಸ್ವಂತ ಕೆಲಸ’ ಎಂದು ಬರೆದರು. "ಸುಳ್ಳು ಹೇಳಬಾರದಿತ್ತು. ಆದ್ರೆ ನನಗೆ ಕೋಪ ಬರ್ತಾ ಇಲ್ಲ ಇಂದ್ರೇಶ್. ಊಟದ ಹೊತ್ತಲ್ಲಿ ನೀವು ನೀರಲ್ಲಿ ಕಾಲು ಬಿಟ್ಕೊಂಡು ಕೂತಿರೋದನ್ನ ಎಷ್ಟೋ ಸಲ ಮೇಲಿನ ಕಿಟಕಿಯಿಂದ ನೋಡಿದೀನಿ. ನೋಡಿದಾಗೆಲ್ಲ ನನಗೇ ಸಂಕಟ ಆಗೋದು. ಅಂತೂ ನಿಮ್ಮ ಆಸೆ ಈಡೇರಿತಲ್ಲ, ಅಷ್ಟು ಸಾಕು."

"ನಾಳೆ ಮೇಡಂ..." ಎಂದು ಇಂದ್ರೇಶ್ ತೊದಲಿದ.

"ಅದನ್ನೇ ಹೇಳೋಕೆ ಕರೆದೆ." ಮೇಡಂ ಪಟ್ಟಿಯನ್ನು ಹತ್ತಿರಕ್ಕೆಳೆದುಕೊಂಡರು. ಕೊನೆಯ ಸಾಲಿನಲ್ಲಿ, ದುಂಡಗಿನ ಅಕ್ಷರದಲ್ಲಿ ಅವನ ಹೆಸರಿತ್ತು. "ಬೆಳಿಗ್ಗೆನೇ ನಿಮ್ಮ ಹೆಸರು ಬರೆದಿಟ್ಟಿದ್ದೆ. ಅಲ್ಲಿಂದ ಬಂದು ನಾಲ್ಕು ದಿನ ಆಗಿಲ್ಲ, ಮತ್ತೆ ಅಲ್ಲಿಗೇ ಹೋಗಿ ನೀವಾದ್ರೂ ಏನು ಮಾಡ್ತೀರಿ? ಈ ಸಲ ನೋಡದೇ ಇರೋರು ಹೋಗಲಿ. ನಮ್ಮ ನಂಜುಂಡಯ್ಯನೂ ಸಮುದ್ರ ನೋಡಿಲ್ವಂತೆ. ನಿಮಗೇನೂ ಬೇಜಾರಿಲ್ಲ ತಾನೆ?"

ಬೇಜಾರಿದೆ ಎನ್ನಲು ಅವನಿಗೆ ದಾರಿಯೇ ಇರಲಿಲ್ಲ. ಪೆನ್ನು ಅವನ ಹೆಸರಿನ ಮೇಲೆ ನಿಧಾನವಾಗಿ, ನೇರವಾಗಿ ಹೋಯಿತು.

"ಏನೂ ಇಲ್ಲ ಮೇಡಂ. ಪಾಪ, ನೋಡ್ಲಿ" ಎಂದ.

ವಿಷಯ ತಿಳಿದ ನಂಜುಂಡಯ್ಯ ಪಂಪ್‌ಹೌಸಿನ ಹಿಂದೆ ಸಿಕ್ಕಾಗ ತಲೆ ಎತ್ತಲಿಲ್ಲ. ಕೈಯಲ್ಲಿ ಇನ್ನೂ ಆ ಹವಾಯಿ ಚಪ್ಪಲಿ ಹಿಡಿದುಕೊಂಡಿದ್ದ. "ನಾನೇನ್ ಮಾಡ್ಲಿ ಇಂದ್ರೇಶಣ್ಣ? ನಿಜ ಹೇಳಾನ ಅಂದ್ರೆ ಗೇಟ್ ತೆಗ್ದೋನು ನಾನೇ. ಬರಲ್ಲ ಅಂದ್ರೆ ಯಾಕೆ ಅಂತಾರೆ."

"ಹೋಗ್ಬಾ ಮಾರಾಯ" ಎಂದ ಇಂದ್ರೇಶ್. "ಸ್ವೆಟರ್ ಇಟ್ಕೋ. ಘಟ್ಟದಲ್ಲಿ ಚಳಿ ಇರುತ್ತಂತೆ."

ಮನೆಗೆ ಬಂದರೆ ಅರುಣಾ ಚಕ್ಕುಲಿ ಕಟ್ಟಿಟ್ಟಿದ್ದಳು, ಮೇಡಂ ಜೊತೆ ಹಂಚಿಕೊಳ್ಳಲಿ ಎಂದು. ಅವನು ನಡೆದದ್ದನ್ನೆಲ್ಲ ಹೇಳಿದ. ಅವಳಿಗೆ ನಗು ಬಂತು. ಗಂಡನ ಮುಖ ನೋಡಿ ನಗು ನಿಂತಿತು. ಬ್ಯಾಗಿನಿಂದ ಟವೆಲನ್ನು ತೆಗೆದು ಹಗ್ಗದ ಮೇಲೆ ಹಾಕಿದಳು. ಗೋಡೆಯಾಚೆಯಿಂದ ಜಾನಕಮ್ಮ ಕೂಗಿದರು: "ಇಂದ್ರೇಶ, ಫೋಟೋ ಬೋ ಚೆನ್ನಾಗ್ ಬಂದವೆ ಕಣಪ್ಪ! ನಿನ್ನ ಉಪಕಾರ ಏಳು ಜನ್ಮಕ್ಕೂ ಮರೆಯಲ್ಲ!"

ಮರುದಿನ ಹನ್ನೊಂದರ ಹೊತ್ತಿಗೆ ಇಂದ್ರೇಶನ ಮೊಬೈಲ್ ಬಡಿದುಕೊಂಡಿತು. ವಿಡಿಯೋ ಕರೆ. ಪರದೆಯ ತುಂಬ ಮೊದಲು ನಂಜುಂಡಯ್ಯನ ಮೂಗು, ಆಮೇಲೆ ಮುಖ. ಕೂದಲೆಲ್ಲ ಗಾಳಿಗೆ ಎದ್ದು ನಿಂತಿತ್ತು.

"ಅಣ್ಣಾ, ನೋಡ್ಕಳಿ!" ಎಂದು ಕೂಗಿ ಅವನು ಮೊಬೈಲನ್ನು ತಿರುಗಿಸಿದ.

ಇಂದ್ರೇಶ್ ಜಗಲಿಯಲ್ಲಿ ನೆಟ್ಟಗೆ ಕುಳಿತ. ಚಿತ್ರ ಅಲ್ಲಾಡುತ್ತಿತ್ತು, ನಡುನಡುವೆ ನಿಂತು ಚೂರುಚೂರಾಗುತ್ತಿತ್ತು. ಮರಳು ಕಾಣಿಸಿತು. ಯಾರದೋ ಬಲೆ ಕಾಣಿಸಿತು. ಆಮೇಲೆ ಬೂದು ಬಣ್ಣದ ಏನೋ ಒಂದು ಬಂತು. ಅದು ಬರುತ್ತಲೇ ಇತ್ತು. ಒಂದರ ಹಿಂದೆ ಒಂದು, ಯಾರೂ ಗುಂಡಿ ಒತ್ತದೆ.

ಅಷ್ಟರಲ್ಲಿ ಮೇಡಂ ದನಿ ಹತ್ತಿರ ಬಂತು. "ಯಾರು, ಇಂದ್ರೇಶಾ? ಕೊಡಿ ಇಲ್ಲಿ. ಇಂದ್ರೇಶ್, ನೀವು ಹೇಳಿದ ಹಾಗೇ ಇದೆ ನೋಡಿ, ಆ ಉತ್ತರದ ಮೂಲೆ! ಅಂದ ಹಾಗೆ ನೀವು ನಿಂತಿದ್ದ ಜಾಗ ಯಾವುದು? ನಾವೂ ಅಲ್ಲೇ ನಿಂತು ಒಂದು ಫೋಟೋ ತೆಗೆಸಿಕೊಳ್ಳೋಣ ಅಂತ. ಇಲ್ಲೇನಾ?"

ಇಂದ್ರೇಶ್ ಪರದೆಗೆ ಮುಖ ಹತ್ತಿರ ತಂದ. "ಅಲ್ಲ ಮೇಡಂ. ಇನ್ನೂ ಸ್ವಲ್ಪ ಮುಂದೆ."

ಮೇಡಂ, ಅವರ ಹಿಂದೆ ನಂಜುಂಡಯ್ಯ, ಎಂಜಿನಿಯರುಗಳು ಎಲ್ಲರೂ ದಡದಲ್ಲಿ ನಡೆದರು. ಪರದೆಯಲ್ಲಿ ನೀರು ಪಕ್ಕಪಕ್ಕಕ್ಕೆ ಸರಿಯಿತು.

"ಇಲ್ಲಿ?"

"ಇನ್ನೂ ಮುಂದೆ ಮೇಡಂ. ಮೊಬೈಲ್ ಸ್ವಲ್ಪ ನೀರಿನ ಕಡೆ ತಿರುಗಿಸಿ, ಗುರ್ತು ಹತ್ತುತ್ತೆ."

ಮೇಡಂ ತಿರುಗಿಸಿದರು. ನಡೆದರು. ಬಿಸಿಲಿಗೆ ಏದುಸಿರು ಬಿಡುತ್ತ ಮತ್ತೆ ಕೇಳಿದರು, "ಇಂದ್ರೇಶ್, ಅರ್ಧ ಕಿಲೋಮೀಟರ್ ಬಂದ್ವಿ. ಸಿಕ್ತಾ?"

ಅರುಣಾ ಬಂದು ಗಂಡನ ಪಕ್ಕ ಕುಳಿತು ಪರದೆಯೊಳಗೆ ಇಣುಕಿದಳು. ಅವನು ಅವಳಿಗೂ ಕಾಣುವಂತೆ ಮೊಬೈಲನ್ನು ಸ್ವಲ್ಪ ಓರೆ ಮಾಡಿದ.

"ಇಲ್ಲ ಮೇಡಂ" ಎಂದ. "ಇನ್ನೂ ಸ್ವಲ್ಪ ಮುಂದೆ ಹೋಗಿ."